ನನ್ನ ಪ್ರಾರ್ಥನೆ ಮನೆ ಮಾತಿಗೆ ಬಂದದ್ದು

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ ಇದ್ದರೂ ಕೊನೆಗೆ ನನ್ನನ್ನೇ ಎಬ್ಬಿಸುತ್ತಿದ್ದರು. ‘ಅಕ್ಕಾ, ನೀವೇ ಮಾಡ್ರಿ. ನಿಮ್ಮ ಪ್ರಾರ್ಥನಾ ಭಾಳ ಚಂದ ಇರ್ತಾದ.’

ನಾನು ಬೀದರಿನಲ್ಲಿ ಬ್ಲೌಸ್ ಹೊಲಿದು ಬದುಕುವವಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆದರೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ನನ್ನ ಬಾಯಿಂದ ಬರುತ್ತಿದ್ದ ಕನ್ನಡವೇ ಬೇರೆ. ‘ಸರ್ವಶಕ್ತನೂ ಕೃಪಾಪೂರ್ಣನೂ ಆದ ಕರ್ತನೇ, ಈ ಸಾಯಂಕಾಲದ ವೇಳೆಯಲ್ಲಿ ನಿನ್ನ ಸನ್ನಿಧಾನಕ್ಕೆ ಬರುವ ಭಾಗ್ಯವನ್ನು ದಯಪಾಲಿಸಿದ್ದಕ್ಕಾಗಿ...’ ಹತ್ತು ನಿಮಿಷ ಎಲ್ಲೂ ತಡೆಯುತ್ತಿರಲಿಲ್ಲ. ‘ಸ್ತೋತ್ರ’, ‘ಆಮೆನ್’ ಅನ್ನುವ ದನಿ ಹಿಂದಿನಿಂದ ಜೋರಾದಷ್ಟೂ ನನಗೆ ಹುರುಪು. ವಿಕಾರಾಬಾದ್ ಹತ್ತಿರ ಧಾರೂರಿನಲ್ಲಿ ನಡೆಯುವ ಕ್ರೈಸ್ತರ ಜಾತ್ರೆಗೆ ಹೋದರೆ ಪಕ್ಕದ ಟೆಂಟಿನವರೂ ಬಂದು ನಿಲ್ಲುತ್ತಿದ್ದರು.

ಈಗ ಹೇಳಲು ನಾಚಿಕೆ ಇಲ್ಲ. ಆ ಹತ್ತು ನಿಮಿಷದಲ್ಲಿ ನನ್ನ ಕಿವಿ ಇರುತ್ತಿದ್ದುದು ಹಿಂದೆ ಕೂತವರ ಕಡೆಗೇ.

ಆಮೇಲೆ ಅವ್ವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ರಾತ್ರಿ ಆಸ್ಪತ್ರೆಯಿಂದ ಬಂದು ಅವಳನ್ನು ಮಲಗಿಸಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಸಿಲಿಂಡರಿನ ಪಕ್ಕ ಮೊಣಕಾಲೂರಿದೆ. ‘ಸರ್ವಶಕ್ತನೂ’ ಅಂದೆ. ಮುಂದೆ ಮಾತೇ ಹೊರಡಲಿಲ್ಲ. ಕೇಳಲು ಯಾರೂ ಇರಲಿಲ್ಲ ಅಲ್ವಾ, ಅದಕ್ಕೇ ಇರಬೇಕು. ಸುಮ್ನೆ ಕೂತೆ. ಆಮೇಲೆ ಬಾಯಿಗೆ ಬಂದದ್ದು ಇಷ್ಟು: ‘ಯಪ್ಪಾ, ನನಗ ಸಾಕಾಗ್ಯಾದ. ಅಕಿ ಸಂಕಟ ನೋಡ್ಲಾಕ ಆಗವಲ್ದು. ರೊಕ್ಕನೂ ಮುಗ್ದಾವ. ನಿನ್ನ ಮ್ಯಾಲ ಭಾಳ ಸಿಟ್ಟ್ ಬಂದಾದ.’

ಹೇಳಿ ಹೆದರಿದೆ. ದೇವರಿಗೆ ಹಾಗೆ ಅನ್ನಬಹುದಾ? ಏನೂ ಆಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವತ್ತು ನಿದ್ದೆ ಬಂತು. ಬೆಳಿಗ್ಗೆ ಅವ್ವ ಕೇಳಿದಳು, ‘ರಾತ್ರಿ ಅಡುಗಿಮನ್ಯಾಗ ಯಾರ ಜೋಡಿ ಜಗಳಾ ಮಾಡ್ತಿದ್ದಿ?’

ನನ್ನ ಮಟ್ಟಿಗೆ ಅದೇ ಮೊದಲನೇ ಪ್ರಾರ್ಥನೆ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷದ್ದು ಭಾಷಣ.

ಕೂಟದಲ್ಲಿ ನಾನು ಆಡುತ್ತಿದ್ದುದು ಬೈಬಲಿನ ಕನ್ನಡ. ಬಳ್ಳಾರಿಯಲ್ಲಿದ್ದ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೆಲಸದಿಂದ 1831ರಲ್ಲಿ ಪೂರ್ತಿ ಕನ್ನಡ ಬೈಬಲ್ ಬಂತು. ಆಮೇಲೆ ಅದನ್ನು ತಿದ್ದುತ್ತಾ ಬಂದಿದ್ದಾರೆ. ಓದಲು ಗಂಭೀರವಾಗಿದೆ, ನನಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ‘ದಯಪಾಲಿಸು’ ಅಂತ ನಾನು ನನ್ನ ಹೆತ್ತಪ್ಪನಿಗೆ ಒಂದು ದಿನವೂ ಅಂದಿಲ್ಲ. ‘ಕೊಡು’ ಅಂದಿದ್ದೇನೆ.

ಯೇಸು ಕೂಡ ಹಾಗೇ ಮಾಡಿದ್ದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಇರುವುದು ಗ್ರೀಕಿನಲ್ಲಿ. ಆತನ ಮನೆ ಮಾತು ಅರಾಮಿಕ್. ಗೆತ್ಸೇಮನೆ ತೋಟದಲ್ಲಿ, ಸಾಯುವ ಹಿಂದಿನ ರಾತ್ರಿ, ಪ್ರಾರ್ಥನೆಯಲ್ಲಿ ತಂದೆಯನ್ನು ‘ಅಬ್ಬಾ’ ಅಂತ ಕರೆದ. ಯೇಸುವಿನ ಕಥೆ, ಅಂದರೆ ಸುವಾರ್ತೆ, ಬರೆದ ಮಾರ್ಕನು ಆ ಒಂದು ಮಾತನ್ನು ಹಾಗೇ ಉಳಿಸಿಕೊಂಡಿದ್ದಾನೆ. ನಮ್ಮ ಓಣಿಯ ಮುಸ್ಲಿಂ ಮಕ್ಕಳು ಇವತ್ತಿಗೂ ಅಪ್ಪನನ್ನು ಅಬ್ಬಾ ಅಂತಲೇ ಕೂಗುತ್ತವೆ. ದಿನಾ ಸಾಯಂಕಾಲ ಕಿವಿಗೆ ಬೀಳುತ್ತಿದ್ದ ಮಾತು! ಶಿಲುಬೆಯ ಮೇಲೆ ನೋವು ತಡೆಯದೆ ‘ನನ್ನನ್ನು ಯಾಕೆ ಕೈಬಿಟ್ಟೆ’ ಅಂತ ಕೂಗಿದಾಗಲೂ ಹಾಗೇ ಆಯಿತು. ಆ ಕೂಗನ್ನು ಬರೆದವರು ಮೊದಲು ಆತನ ಬಾಯಿಂದ ಬಂದಂತೆಯೇ ಇಟ್ಟು, ಆಮೇಲೆ ಅರ್ಥ ಹೇಳಿದ್ದಾರೆ.

ಸಿಟ್ಟಿನ ಹೆದರಿಕೆ ಹೋದದ್ದು ಬೈಬಲಿನ ಕೀರ್ತನೆಗಳಿಂದ. 88ನೇ ಕೀರ್ತನೆ ಒಮ್ಮೆ ಓದಿ. ಶುರುವಿನಿಂದ ಕೊನೆವರೆಗೆ ಗೋಳು. ಕೊನೆಯ ಸಾಲಿನಲ್ಲೂ ಬೆಳಕಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ ಅಂದಮೇಲೆ ನನ್ನ ಅಡುಗೆಮನೆಯ ನಾಲ್ಕು ಮಾತಿಗೆ ಜಾಗ ಇಲ್ಲದೆ ಇರುತ್ತದಾ?

ಅಂದಿನಿಂದ ನನ್ನ ರೀತಿ ಬದಲಾಯಿತು. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಬಾಗಿಲು ಮುಚ್ಚಿಕೊಳ್ಳುತ್ತೇನೆ. ಮತ್ತಾಯ ಬರೆದ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಅದನ್ನೇ. ಅದರ ಬೆನ್ನಿಗೇ ಕಲಿಸಿದ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಷ್ಟು ಚಿಕ್ಕದು ನೋಡಿ, ಹೇಳಲು ಒಂದು ನಿಮಿಷವೂ ಬೇಡ. ಅದನ್ನು ಮಾತ್ರ ಬೈಬಲಿನ ಕನ್ನಡದಲ್ಲೇ ಹೇಳುತ್ತೇನೆ, ಅಜ್ಜಿ ಬಾಯಿಪಾಠ ಮಾಡಿಸಿದ್ದು. ಉಳಿದದ್ದೆಲ್ಲ ಬೀದರ್ ಮಾತು. ನಡುವೆ ನಳ ಬಂದರೆ ಎದ್ದು ನೀರು ತುಂಬಿಕೊಳ್ಳುತ್ತೇನೆ. ಮೊದಲು ಇದಕ್ಕೆ ಪಾಪ ಅನ್ನಿಸುತ್ತಿತ್ತು. ಈಗ ‘ತಡಿ ಯಪ್ಪಾ, ನೀರ್ ಬಂದಾವ’ ಅಂದು ಏಳುತ್ತೇನೆ. ಬಂದು ಬಿಟ್ಟಲ್ಲಿಂದ ಶುರು.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಕೇಳಿದ್ದು, ತಾರೀಖು. ಬಲಗಡೆ ಆದದ್ದು. ಮೊದಮೊದಲು ‘ಎಲ್ಲರನ್ನೂ ಆಶೀರ್ವದಿಸು’ ಅಂತ ಬರೆದೆ. ಬಲಗಡೆ ಏನು ಬರೆಯುವುದು? ಎಲ್ಲರೂ ಅಂದರೆ ಯಾರು? ಹೀಗೆ ಕೇಳಿದ್ದಕ್ಕೆ ಉತ್ತರ ಬಂದರೂ ಗೊತ್ತಾಗುವುದಿಲ್ಲ, ಬರದಿದ್ದರೂ ಗೊತ್ತಾಗುವುದಿಲ್ಲ. ಆಮೇಲೆ ‘ಶುಕ್ರವಾರದೊಳಗ ಮಗಳ ಫೀಸಿಗೆ 4,200 ಬೇಕು’ ಅಂತ ಬರೆಯತೊಡಗಿದೆ. ಆ ಸಲ ಗುರುವಾರ ಒಂದು ಮದುವೆ ಮನೆಯ ಹೊಲಿಗೆ ಬಾಕಿ ಬಂತು. ಅವರು ಹೇಗೂ ಕೊಡಬೇಕಾದ ದುಡ್ಡೇ ಅದು, ಪವಾಡ ಅಂತ ನಾನು ಸಾಕ್ಷಿ ಹೇಳಿಲ್ಲ. ಬಲಗಡೆ ‘ಬಂತು’ ಅಂತ ಬರೆದೆ, ಅಷ್ಟೇ.

ಆ ನೋಟ್‌ಬುಕ್ಕೇ ನನ್ನನ್ನು ಸಿಕ್ಕಿಸಿಹಾಕಿತು. ‘ಮನ್ಯಾಗ ಸಮಾಧಾನ ಕೊಡು’ ಅನ್ನುವ ಸಾಲು ಹನ್ನೊಂದು ಸಲ ಬರೆದಿದ್ದೆ. ಬಲಗಡೆ ಖಾಲಿ. ನಾನು ಮತ್ತು ನನ್ನ ನೆಗೆಣ್ಣಿ ಮಾತು ಬಿಟ್ಟು ಮೂರು ವರ್ಷ ಆಗಿತ್ತು. ಕಾರಣ ಅತ್ತೆಯ ಎರಡು ತೊಲೆ ಬಂಗಾರದ ಸರ, ಬೋರಮಾಳ. ಕಾಣಿಕೆ ಕೊಡಲು ಹೋದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಮತ್ತಾಯ 5ರಲ್ಲಿದೆ. ಎಷ್ಟು ಸಲ ಓದಿದ್ದೆನೋ! ಗಮನಿಸಿ, ನನಗೆ ಅವಳ ಮೇಲೆ ಸಿಟ್ಟಿದ್ದರೆ ಅನ್ನುವುದಿಲ್ಲ ಅದು. ಅವಳಿಗೆ ನನ್ನ ಮೇಲೆ ಇದ್ದರೂ ನಾನೇ ಹೋಗಬೇಕು. ನನಗೆ ಈ ಭಾಗ ಇಷ್ಟವಾಗಲಿಲ್ಲ.

ಹದಿನೈದು ದಿನ ಮುಂದೂಡಿದೆ. ಆಮೇಲೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಹುಮನಾಬಾದ್ ಬಸ್ ಹತ್ತಿದೆ. ಅವಳು ಬಾಗಿಲಲ್ಲಿ ನನ್ನನ್ನು ನೋಡಿ ‘ಯಾರರ ಸತ್ರೇನು?’ ಅಂದಳು. ಅಪ್ಪಿಕೊಂಡು ಅತ್ತೆವು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ‘ನಂದೂ ತಪ್ಪದ’ ಅಂದೆ. ಅವಳು ಚಹಾ ಇಟ್ಟಳು. ಬೋರಮಾಳದ ಮಾತು ಇಬ್ಬರೂ ಎತ್ತಲಿಲ್ಲ, ಅದು ಈಗಲೂ ಅವಳ ಹತ್ತಿರವೇ ಇದೆ. ಆದರೆ ಅವ್ವನ ಡಯಾಲಿಸಿಸ್‌ಗೆ ನನಗೆ ಆಗದ ದಿನ ಅವಳು ಬಂದು ಕೂರತೊಡಗಿದಳು. ಬಲಗಡೆ ಬರೆಯಲು ಸಿಕ್ಕಿತು.

ಅವ್ವನ ಸಾಲು ಬೇರೆ. ‘ಅವ್ವ ಗುಣ ಆಗ್ಲಿ.’ ಹೊರಗಿನಿಂದ ಬಂದ ಬೋಧಕರೊಬ್ಬರು ನನ್ನ ಮುಖಕ್ಕೇ ಹೇಳಿದರು, ನಿಮ್ಮ ನಂಬಿಕೆ ಕಮ್ಮಿ, ಅದಕ್ಕೇ ಉತ್ತರ ಬಂದಿಲ್ಲ ಅಂತ. ಡಯಾಲಿಸಿಸ್ ಯಾಕೆ, ಪ್ರಾರ್ಥನೆ ಸಾಲದಾ ಅಂತಲೂ ಕೇಳಿದರು. ನಾನು ಆಸ್ಪತ್ರೆ ಬಿಡಿಸಲಿಲ್ಲ. ನೀವೂ ಯಾರ ಮಾತಿಗೂ ಬಿಡಿಸಬೇಡಿ. ಸುವಾರ್ತೆ ಬರೆದ ಲೂಕನನ್ನೇ ಅಪೊಸ್ತಲ ಪೌಲನು ಪ್ರಿಯ ವೈದ್ಯ ಅಂತ ಕರೆದಿದ್ದಾನೆ. ಇನ್ನು ನಂಬಿಕೆಯ ಅಳತೆ. ಮಾರ್ಕ 9ರಲ್ಲಿ ಒಬ್ಬ ತಂದೆ ಮಗನನ್ನು ಕರೆತಂದು, ನಂಬುತ್ತೇನೆ, ನಂಬಿಕೆ ಇಲ್ಲದಲ್ಲಿ ನೀನೇ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ಮಗ ಗುಣವಾದ. ಅದೇ ಪೌಲನು ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಮಾತು ಬಂತು. ಪೌಲನ ನಂಬಿಕೆ ಕಮ್ಮಿ ಇತ್ತು ಅಂತ ಯಾರು ಹೇಳುತ್ತಾರೆ?

ಅವ್ವ ಹದಿನಾಲ್ಕು ತಿಂಗಳು ಇದ್ದಳು, ಹೋದಳು. ಆ ಸಾಲಿನ ಬಲಗಡೆ ನಾನು ಏನೂ ಬರೆದಿಲ್ಲ. ‘ದೇವರ ಚಿತ್ತ’ ಅಂತ ಬರೆದುಬಿಡಿ ಅಂದರು ಪಾಸ್ಟರಮ್ಮ. ಸಂಕಟಪಟ್ಟು ಒಪ್ಪಿಕೊಂಡವರ ಬಾಯಲ್ಲಿ ಅದು ದೊಡ್ಡ ಮಾತು. ನಾನಿನ್ನೂ ಅಲ್ಲಿಗೆ ಬಂದಿಲ್ಲ. ಬಂದಿಲ್ಲ ಅಂತ ಬೆಳಿಗ್ಗೆ ಐದಕ್ಕೆ ಹೇಳುತ್ತಲೇ ಇದ್ದೇನೆ.

ಕೂಟಗಳಲ್ಲಿ ಈಗ ನನ್ನ ಪ್ರಾರ್ಥನೆ ಎರಡು ನಿಮಿಷ. ‘ಅಕ್ಕಗ ಮೊದಲಿನ ಆತ್ಮ ಇಲ್ಲ’ ಅಂತ ಮಾತಾಡಿಕೊಳ್ಳುತ್ತಾರಂತೆ. ಹೋದ ತಿಂಗಳು ಒಬ್ಬ ಹೆಂಗಸು, ಮಗ ಪುಣೆಗೆ ಕೆಲಸಕ್ಕೆ ಹೋದವನು ಫೋನ್ ಮಾಡುವುದಿಲ್ಲ, ನೀವೇ ಪ್ರಾರ್ಥನೆ ಮಾಡ್ರಿ ಅಂದಳು. ‘ನೀನೇ ಮಾಡು’ ಅಂದೆ. ‘ನನಗ ಮಾಡ್ಲಾಕ ಬರಲ್ದು ಅಕ್ಕಾ.’ ಬೈಬಲಿನಲ್ಲಿ ಬರುವ ಸಮುವೇಲನ ತಾಯಿ ಹನ್ನಳ ಕಥೆ ಹೇಳಿದೆ. ಬರೀ ತುಟಿ ಅಲ್ಲಾಡಿಸುತ್ತಿದ್ದಳು, ಯಾಜಕ ಏಲಿ ಅವಳನ್ನು ಕುಡಿದವಳು ಅಂದುಕೊಂಡ ಅಂತ. ಆ ಹೆಂಗಸು ನಕ್ಕಳು. ಸೆರಗು ತಲೆ ಮೇಲೆ ಎಳೆದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಅವ ಉಂಡಾನೋ ಇಲ್ಲೋ ನೋಡು ಯಪ್ಪಾ’ ಅಂದಳು. ಮುಂದೆ ಅವಳಿಗೆ ಮಾತು ಬರಲಿಲ್ಲ. ನಾವೆಲ್ಲ ಆಮೆನ್ ಅಂದೆವು. ಸುಸಲಾ ಬಂತು, ಚಹಾ ಬಂತು.