4ಎಸ್ ಲಿಪೊ ಪ್ಯಾಕ್: ಒಂದೊಂದು ಸೆಲ್‌ನ ವೋಲ್ಟೇಜ್ ನೋಡುವುದು ಹೇಗೆ

ಡ್ರೋನ್‌ಗೆ ಬಳಸುವ 4ಎಸ್ ಲಿಪೊ ಪ್ಯಾಕ್ ಎಂದರೆ ಸರಣಿಯಲ್ಲಿ ಜೋಡಿಸಿದ ನಾಲ್ಕು ಲಿಥಿಯಂ ಪಾಲಿಮರ್ ಸೆಲ್. ಅದರ ದಪ್ಪ ವೈರುಗಳಿಗೆ ಮೀಟರ್ ಹಿಡಿದಾಗ 14.80 ವೋಲ್ಟ್ ಬಂತು ಎನ್ನಿ. ನಾಲ್ಕರಿಂದ ಭಾಗಿಸಿದರೆ ಸೆಲ್‌ಗೆ 3.70, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಒಳಗೆ 3.88, 3.87, 3.88, 3.17 ಇದ್ದರೂ ಕೂಡಿದರೆ ಅದೇ 14.80. ಸರಣಿಯಲ್ಲಿ ಎಲ್ಲ ಸೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯಬೇಕು, ಸೋತ ಸೆಲ್‌ಗೆ ವಿನಾಯಿತಿ ಇಲ್ಲ. ಥ್ರಾಟಲ್ ಕೊಟ್ಟ ಕೂಡಲೇ ಆ ನಾಲ್ಕನೆಯದು 3 ವೋಲ್ಟ್‌ಗಿಂತ ಕೆಳಗೆ ಕುಸಿಯುತ್ತದೆ, ಹೀಗೇ ನಾಲ್ಕಾರು ಸಲ ಆದರೆ ಊದಿಕೊಳ್ಳುತ್ತದೆ. ಚಾರ್ಜ್ ಮಾಡುವಾಗ ಅಪಾಯ ಇನ್ನೊಂದು ಬದಿಗೆ. ಬ್ಯಾಲೆನ್ಸ್ ವೈರ್ (ಒಂದೊಂದು ಸೆಲ್‌ನಿಂದಲೂ ಬರುವ ತೆಳು ವೈರ್) ಹಾಕದೆ 16.8ಕ್ಕೆ ಏರಿಸಿದಾಗ ಸೋತದ್ದು 3.90ರಲ್ಲೇ ನಿಂತರೆ, ಮಿಕ್ಕ ಮೂರೂ 4.30 ಮುಟ್ಟಿರುತ್ತವೆ. ಬೆಂಕಿಯ ಭಯ ಇರುವುದು ಅಲ್ಲಿ.

ನೆನಪಿಡಬೇಕಾದ ಅಂಕಿಗಳು ಕೆಲವೇ. ಸಾಮಾನ್ಯ ಲಿಪೊ ಸೆಲ್ ತುಂಬಿದಾಗ 4.20, ಎತ್ತಿಡುವಾಗ 3.80ರಿಂದ 3.85, ಹೊರೆ ಇಲ್ಲದೆ 3.70 ಬಂದರೆ ಅವತ್ತಿನ ಹಾರಾಟ ಮುಗಿಯಿತು. ಹೊರೆ ಇರುವಾಗಲೂ 3.30ಕ್ಕಿಂತ ಇಳಿಸಬೇಡಿ, 3.00 ಕೊನೆಯ ಗೆರೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅದು 3.65ಕ್ಕೆ ತುಂಬುತ್ತದೆ, ನಡುವೆ ಬಹಳ ಹೊತ್ತು 3.2–3.3ರಲ್ಲೇ ನಿಂತಿರುವುದರಿಂದ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ.

ಮಲ್ಟಿಮೀಟರ್‌ನಿಂದ

4ಎಸ್ ಪ್ಯಾಕಿನ ಬಿಳಿ ಬ್ಯಾಲೆನ್ಸ್ ಕನೆಕ್ಟರ್ ಸಾಮಾನ್ಯವಾಗಿ ಜೆಎಸ್‌ಟಿ ಎಕ್ಸ್‌ಎಚ್ ಮಾದರಿಯದು, ಪಿನ್‌ಗಳ ನಡುವೆ 2.5 ಮಿಲಿಮೀಟರ್. ನಾಲ್ಕು ಸೆಲ್‌ಗೆ ಐದು ವೈರ್. ಒಂದು ತುದಿಯ ಕಪ್ಪು ವೈರ್ ಪ್ಯಾಕಿನ ನೆಗೆಟಿವ್, ಇನ್ನೊಂದು ತುದಿಯದು ಪಾಸಿಟಿವ್. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ಪ್ರೋಬ್ ಕಪ್ಪು ವೈರಿಗೆ, ಕೆಂಪು ಪ್ರೋಬ್ ಪಕ್ಕದ ಪಿನ್‌ಗೆ ಹಿಡಿದರೆ ಮೊದಲ ಸೆಲ್. ಎರಡನ್ನೂ ಒಂದೊಂದು ಪಿನ್ ಸರಿಸುತ್ತಾ ಹೋದರೆ ಉಳಿದ ಮೂರು.

ಎಡವಟ್ಟಾಗುವುದು ಪ್ರೋಬ್ ಜಾರಿದಾಗ. ಎರಡು ಪಿನ್ ಒಟ್ಟಿಗೆ ತಾಗಿದರೆ ಇಡೀ ಸೆಲ್ ಶಾರ್ಟ್. ಆ ತೆಳು ವೈರ್ ಕೆಂಪಗೆ ಕಾದು, ಅದರ ಮೇಲಿನ ಸಿಲಿಕೋನ್ ಹೊದಿಕೆ ಸೀಳುವುದಕ್ಕೆ ಒಂದೆರಡು ಸೆಕೆಂಡ್ ಸಾಕು. ಪ್ರೋಬ್ ತುದಿಗೆ ಹೀಟ್ ಶ್ರಿಂಕ್ ಏರಿಸಿ 2 ಮಿಲಿಮೀಟರ್ ಮಾತ್ರ ಹೊರಗೆ ಬಿಡಿ.

ಬಜರ್ ಅಲಾರಂ

ಹಾರಾಟದ ನಡುವೆ ಮೀಟರ್ ಹಿಡಿಯಲಾಗದು, ಅದಕ್ಕೇ ಎರಡು ಬಜರ್ ಇರುವ ಪುಟ್ಟ ಅಲಾರಂ. ಬ್ಯಾಲೆನ್ಸ್ ಕನೆಕ್ಟರಿಗೆ ಸಿಕ್ಕಿಸಿದರೆ ಮೊದಲು ಒಟ್ಟು ವೋಲ್ಟೇಜ್, ಆಮೇಲೆ ಒಂದೊಂದೇ ಸೆಲ್ ತೋರಿಸುತ್ತದೆ. ಅಲಾರಂನ ಪಿನ್‌ಗಳು ಹೊದಿಕೆಯಿಲ್ಲದೆ ತೆರೆದಿರುವುದರಿಂದ ಒಂದು ಪಿನ್ ಆಚೀಚೆ ಸಿಕ್ಕಿಸುವುದು ಸುಲಭ. ಕಪ್ಪು ವೈರ್ ಮೈನಸ್ ಗುರುತಿನ ಪಿನ್‌ಗೇ ಬರಬೇಕು. ಮಿತಿಯನ್ನು ಬದಲಿಸುವುದು ಮೇಲಿನ ಗುಂಡಿಯಿಂದ. ಇವು ಸಾಮಾನ್ಯವಾಗಿ 3.3ಕ್ಕೆ ಹೊಂದಿಸಿ ಬರುತ್ತವೆ, ಡ್ರೋನ್‌ಗೆ ಅದು ತಡ. 3.5ಕ್ಕೆ ಇಟ್ಟುಕೊಂಡರೆ ನಿಧಾನವಾಗಿ ಇಳಿಸಲು ಸಮಯ ಸಿಗುತ್ತದೆ. ಹಾರಾಟ ಮುಗಿದ ಮೇಲೆ ಕಿತ್ತಿಡುವುದನ್ನು ಮರೆಯಬೇಡಿ. ಅದೂ ಪ್ಯಾಕಿನಿಂದಲೇ ಕರೆಂಟ್ ಕುಡಿಯುವ ಸಾಮಾನು.

ಸ್ವಂತ ಮಾನಿಟರ್ ಕಟ್ಟುವುದಾದರೆ

ಬೇಕಾಗುವುದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡ್) ಒಂದು, ಎಡಿಎಸ್1115 ಬೋರ್ಡ್ (ವೋಲ್ಟೇಜ್ ಅಳೆದು ಅಂಕಿಯಾಗಿ ಕೊಡುವ ಚಿಪ್ ಇರುವುದು) ಒಂದು, 1% ನಿಖರತೆಯ ರೆಸಿಸ್ಟರ್‌ಗಳು (10 ಕಿಲೋಓಮ್ ನಾಲ್ಕು, 3.3, 15, 27, 39 ಕಿಲೋಓಮ್ ಒಂದೊಂದು), 100 ನ್ಯಾನೊಫ್ಯಾರಡ್ ಕೆಪ್ಯಾಸಿಟರ್ ನಾಲ್ಕು, 250 ಮಿಲಿಆಂಪ್ ಫ್ಯೂಸ್, ಐದು ಪಿನ್ನಿನ ಎಕ್ಸ್‌ಎಚ್ ಹೆಡರ್. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ.

ನ್ಯಾನೊದಲ್ಲೇ ಅನಲಾಗ್ ಪಿನ್ ಇರುವಾಗ ಎಡಿಎಸ್1115 ಏಕೆ? ನ್ಯಾನೊದ್ದು 10 ಬಿಟ್. 5 ವೋಲ್ಟನ್ನು 1024 ಪಾಲು ಮಾಡಿದರೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ರೆಸಿಸ್ಟರ್‌ಗಳಿಂದ 4.9 ಪಟ್ಟು ಇಳಿಸಿದ 16.8 ವೋಲ್ಟ್‌ನ ಮೇಲೆ ಅದೇ 24 ಮಿಲಿವೋಲ್ಟ್ ಆಗುತ್ತದೆ. ಸಾಲದ್ದಕ್ಕೆ ಯುಎಸ್‌ಬಿಯ 5 ವೋಲ್ಟ್ 4.7ಕ್ಕೆ ಇಳಿದರೆ ಅಳತೆಗೋಲೇ ಕುಗ್ಗಿದ ಹಾಗೆ. ಎಡಿಎಸ್1115ಗೆ ತನ್ನದೇ ರೆಫರೆನ್ಸ್ (ಅಳತೆಗೆ ಆಧಾರವಾದ ವೋಲ್ಟೇಜ್) ಇದೆ, ±4.096 ವೋಲ್ಟ್ ವ್ಯಾಪ್ತಿಯಲ್ಲಿ ಒಂದು ಮೆಟ್ಟಿಲು 0.125 ಮಿಲಿವೋಲ್ಟ್.

ಜೋಡಣೆ ಹೀಗೆ. ಬ್ಯಾಲೆನ್ಸ್ ಕನೆಕ್ಟರಿನ ಕಪ್ಪು ವೈರ್ ಫ್ಯೂಸ್ ಮೂಲಕ ಗ್ರೌಂಡ್‌ಗೆ. ಮೊದಲ ಸೆಲ್‌ನ ಮೇಲ್ತುದಿಯಿಂದ 3.3 ಕಿಲೋಓಮ್, ಎರಡನೆಯದರಿಂದ 15, ಮೂರನೆಯದರಿಂದ 27, ನಾಲ್ಕನೆಯದರಿಂದ 39; ಈ ನಾಲ್ಕೂ ಕ್ರಮವಾಗಿ ಎಡಿಎಸ್1115ರ ಎ0ಯಿಂದ ಎ3ರವರೆಗಿನ ಚಾನೆಲ್‌ಗಳಿಗೆ. ಪ್ರತಿ ಚಾನೆಲ್‌ನಿಂದ ಗ್ರೌಂಡ್‌ಗೆ ಒಂದು 10 ಕಿಲೋಓಮ್, ಅದರ ಜೊತೆಗೇ ಒಂದು ಕೆಪ್ಯಾಸಿಟರ್. ಪ್ಯಾಕ್ ತುಂಬಿದ್ದಾಗ ಯಾವ ಚಾನೆಲ್‌ಗೂ 3.5 ವೋಲ್ಟ್ ದಾಟುವುದಿಲ್ಲ. ಸೆಲ್‌ಗಳ ಕಡೆಯ ನಾಲ್ಕು ರೆಸಿಸ್ಟರ್‌ಗಳನ್ನು ಹೆಡರ್‌ಗೆ ಅಂಟಿದಂತೆ ಬೆಸುಗೆ ಹಾಕಿ, ಅಲ್ಲಿಂದಾಚೆ ಎಲ್ಲಿ ಶಾರ್ಟ್ ಆದರೂ ಹರಿಯುವುದು ಒಂದೆರಡು ಮಿಲಿಆಂಪ್. ಎಡಿಎಸ್1115ರ ಡೇಟಾ ಪಿನ್ ಎಸ್‌ಡಿಎ ನ್ಯಾನೊದ ಎ4ಗೆ, ಕ್ಲಾಕ್ ಪಿನ್ ಎಸ್‌ಸಿಎಲ್ ಎ5ಕ್ಕೆ.

ನ್ಯಾನೊವನ್ನು ಮೊದಲ ಸೆಲ್‌ನಿಂದ ನಡೆಸಬೇಡಿ, ಅದೊಂದೇ ಬರಿದಾಗುತ್ತದೆ. ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡಿನ) 5 ವೋಲ್ಟ್ ಬಳಸಿದರೆ ಗ್ರೌಂಡ್‌ಗೆ ಎರಡು ದಾರಿ ಆಗುತ್ತದೆ. ದಪ್ಪ ನೆಗೆಟಿವ್ ವೈರ್ ಸಡಿಲವಾದ ದಿನ ಮೋಟಾರಿನ ಕರೆಂಟೆಲ್ಲ ತೆಳು ಕಪ್ಪು ವೈರಿನೊಳಗೆ ನುಗ್ಗುತ್ತದೆ. ಫ್ಯೂಸ್ ಇರುವುದು ಆ ದಿನಕ್ಕಾಗಿ.

ಇನ್ನು ತಾಳೆ ನೋಡುವುದು. ಇದನ್ನು ಬಿಟ್ಟರೆ ಪಟ್ಟ ಶ್ರಮ ವ್ಯರ್ಥ. ಚಿಪ್ ಅಳೆಯುವುದು ಗ್ರೌಂಡ್‌ನಿಂದ ಆಯಾ ಸೆಲ್‌ನ ಮೇಲ್ತುದಿಯವರೆಗೆ, ನಾಲ್ಕನೆಯ ಸೆಲ್ ಎಂದರೆ ನಾಲ್ಕನೆಯ ಓದಿನಿಂದ ಮೂರನೆಯದನ್ನು ಕಳೆದದ್ದು. 1% ರೆಸಿಸ್ಟರ್ ಜೋಡಿ 16.8 ವೋಲ್ಟ್‌ನಲ್ಲಿ 0.27 ವೋಲ್ಟ್‌ವರೆಗೆ ತಪ್ಪಬಹುದು. ಆ ತಪ್ಪಷ್ಟೂ ಆ ಒಂದು ಸೆಲ್‌ನ ತಲೆಗೇ ಬಂದು 4.20 ಇದ್ದದ್ದು 3.93 ಎಂದು ಕಾಣಿಸುತ್ತದೆ. ಆದ್ದರಿಂದ ಕಪ್ಪು ವೈರಿನಿಂದ ಪ್ರತಿ ಪಿನ್‌ಗೆ ಮೀಟರ್ ಹಿಡಿದು, ಬಂದದ್ದನ್ನು ಚಿಪ್ ಓದಿದ ವೋಲ್ಟೇಜ್‌ನಿಂದ ಭಾಗಿಸಿ. ಮೀಟರ್ 15.92, ಚಿಪ್ 3.262 ಎಂದರೆ ಗುಣಕ 4.880. ಲೆಕ್ಕದ ಪ್ರಕಾರ ಬರಬೇಕಾದ 4.900 ಅಲ್ಲ, ಈ 4.880ಯನ್ನೇ ಪ್ರೋಗ್ರಾಂಗೆ ಬರೆಯಿರಿ. ನಾಲ್ಕಕ್ಕೂ ಒಂದೇ ಮೀಟರ್, ಒಂದೇ ರೇಂಜ್ ಇರಲಿ.

ಚಿಪ್ ನಾಲ್ಕು ಚಾನೆಲ್‌ಗಳನ್ನು ಸರದಿಯಲ್ಲಿ ಓದುತ್ತದೆ. ಸೆಕೆಂಡಿಗೆ 128 ಓದಿನಂತೆ ಬಿಟ್ಟರೆ ಒಂದು ಚಾನೆಲ್‌ಗೆ ಸುಮಾರು 8 ಮಿಲಿಸೆಕೆಂಡ್. ಅಷ್ಟರಲ್ಲಿ ಥ್ರಾಟಲ್ ಏರಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. 860ಕ್ಕೆ ಏರಿಸಿ, ಎಂಟು ಸುತ್ತಿನ ಸರಾಸರಿ ತೆಗೆಯಿರಿ.

ಬಳಸಿದ ಮೇಲೆ ಕನೆಕ್ಟರ್ ಕೀಳಲೇಬೇಕು. ಒಂದೊಂದು ರೆಸಿಸ್ಟರ್ ಜೋಡಿಯೂ ಸುಮಾರು 0.33 ಮಿಲಿಆಂಪ್ ಎಳೆಯುತ್ತದೆ. ಮೇಲಿನ ಸೆಲ್ ಒಂದು ಜೋಡಿಯನ್ನು ಹೊತ್ತರೆ, ಕೆಳಗಿನದು ನಾಲ್ಕನ್ನೂ ಹೊರಬೇಕು. ತಿಂಗಳು ಹಾಗೇ ಬಿಟ್ಟರೆ ಮೇಲಿನದರಿಂದ ಸುಮಾರು 240, ಕೆಳಗಿನದರಿಂದ ಸುಮಾರು 950 ಮಿಲಿಆಂಪ್ ಅವರ್ ಹೋಗಿರುತ್ತದೆ. 1500ರ ಪ್ಯಾಕ್ ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅಂಕಿಗಳನ್ನು ಓದುವುದು

ಬ್ಯಾಲೆನ್ಸ್ ಚಾರ್ಜ್ ಆದ ಮೇಲೆ ಸೆಲ್‌ಗಳ ನಡುವೆ 0.01–0.02 ವ್ಯತ್ಯಾಸ ಸಹಜ. ಒಂದೇ ಸೆಲ್ ಪ್ರತಿ ಸಲವೂ 0.05 ಹಿಂದೆ ಬಿದ್ದರೆ ಗುರುತು ಹಾಕಿಕೊಳ್ಳಿ. ಸುಮ್ಮನಿದ್ದಾಗ ಎಲ್ಲವೂ ಸಮ, ಹೊರೆ ಬಿದ್ದಾಗ ಒಂದು ಮಾತ್ರ ಹೆಚ್ಚು ಇಳಿಯುತ್ತದೆ ಎಂದರೆ ಅದರ ಒಳ ರೆಸಿಸ್ಟೆನ್ಸ್ ಏರಿದೆ. 20 ಆಂಪ್‌ಗೆ 3.85ರಿಂದ 3.65ಕ್ಕೆ ಇಳಿದದ್ದು 10 ಮಿಲಿಓಮ್, 3.55ಕ್ಕೆ ಇಳಿದದ್ದು 15.

ಸೆಲ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದರ ಮೇಲಿನದನ್ನೂ ನೋಡಿ. ಒಂದು 0.20 ಕಡಿಮೆ, ಮೇಲಿನದು ಅಷ್ಟೇ 0.20 ಹೆಚ್ಚು ಎಂದರೆ ದೋಷ ಇವೆರಡರ ನಡುವಿನ ವೈರಿನದ್ದು. ಕನೆಕ್ಟರ್ ಪಿನ್ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ವೈರ್ ಪೂರ್ತಿ ತುಂಡಾಗಿದ್ದರೆ ಎರಡನೆಯ ಸೆಲ್ ಮೈನಸ್ 4.2, ಮೂರನೆಯದು 12.6 ಎಂಬಂಥ ಅಸಂಬದ್ಧ ಅಂಕಿಗಳೇ ಬರುತ್ತವೆ.

ಎರಡು 3ಎಸ್ ಸೇರಿಸಿ 6ಎಸ್ ಮಾಡಿದವರಿಗೆ

ಮೇಲಿನ ಪ್ಯಾಕಿನ ಕಪ್ಪು ಬ್ಯಾಲೆನ್ಸ್ ವೈರ್ ಇಲ್ಲಿ ಸೊನ್ನೆಯಲ್ಲ, 12.6 ವೋಲ್ಟ್‌ನಲ್ಲಿದೆ. ಎರಡು ಪ್ಯಾಕಿನ ಕಪ್ಪು ವೈರುಗಳನ್ನು ಒಂದೇ ಬೋರ್ಡಿನ ಗ್ರೌಂಡ್‌ಗೆ ಕೂಡಿಸಿದಿರೋ, ಕೆಳಗಿನ ಪ್ಯಾಕ್ ನೇರ ಶಾರ್ಟ್. ಒಂದೊಂದಕ್ಕೆ ಒಂದೊಂದು ಬಜರ್ ಅಲಾರಂ ಸಿಕ್ಕಿಸಿ, ಅವೆರಡರ ನಡುವೆ ಯಾವ ವೈರೂ ಬೇಡ. ಏಳು ಪಿನ್ನಿನ ಒಂದೇ ಕನೆಕ್ಟರ್ ಬೇಕಿದ್ದರೆ ಮೇಲಿನ ಪ್ಯಾಕಿನ ಕಪ್ಪು ವೈರನ್ನು ಅದಕ್ಕೆ ತರದೆ ಬಿಟ್ಟು, ತುದಿಗೆ ಹೀಟ್ ಶ್ರಿಂಕ್ ಹಾಕಿ ಮುಚ್ಚಿ. ಕೆಳಗಿನ ಪ್ಯಾಕಿನ ಕೊನೆಯ ವೈರೇ ಆ ಜಾಗಕ್ಕೆ ಸಾಕು.