ಮಳೆ ಸುರಿಯುವಾಗಲೇ ಹಳೆಯ ಲಾರಿಯ ವೈರಿಂಗ್ ದೋಷ ಹುಡುಕಿದ್ದು

ಹಳೆಯ ಲಾರಿಯ ವಿದ್ಯುತ್ ದೋಷ ಹುಡುಕಲು ಮಳೆ ನಿಲ್ಲಲಿ ಎಂದು ಕಾಯುವವರೇ ಹೆಚ್ಚು. ನಾನು ಮಳೆ ಬರಲಿ ಎಂದು ಕಾಯುತ್ತೇನೆ. ಬೇಸಿಗೆಯಿಡೀ ಅಡಗಿ ಕೂತಿದ್ದ ದೋಷ ನೀರು ತಾಗಿದಾಗ ಹೊರಬರುತ್ತದೆ, ವೈರು ಒಣಗಿದೊಡನೆ ಮತ್ತೆ ಅಡಗುತ್ತದೆ. ಬಿಸಿಲು ಬಂದ ಮೇಲೆ ಬಾನೆಟ್ ಎತ್ತಿದರೆ ಎಲ್ಲ ಲೈಟುಗಳೂ ಚೆನ್ನಾಗಿಯೇ ಉರಿಯುತ್ತವೆ; ಆಗ ಊಹೆಯ ಮೇಲೆ ಒಂದೊಂದೇ ಭಾಗ ಬದಲಾಯಿಸುತ್ತ ಹೋಗಬೇಕಾಗುತ್ತದೆ. ಆದ್ದರಿಂದ ನನ್ನ ಕ್ರಮ ಇಷ್ಟೇ: ದೋಷ ಹುಡುಕುವುದು ಒದ್ದೆಯಲ್ಲಿ, ದುರಸ್ತಿ ಮಾಡುವುದು ಒಣಗಿದ ಮೇಲೆ.

ನನ್ನ ಕೈಗೆ ಬಂದ ಲಾರಿ 24 ವೋಲ್ಟಿನ ಹಳೆಯ ಡೀಸೆಲ್ ಗಾಡಿ. 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿದ್ದವು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ನೀರು ಬಿದ್ದರೂ ಎಂಜಿನ್ ನಿಲ್ಲುವುದಿಲ್ಲ, ಅದೊಂದು ನೆಮ್ಮದಿ. ಆದರೆ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಬದಿಯ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಡಿಯುತ್ತಿತ್ತು. ಹಿಂಬದಿ ಲೈಟಿನ ಫ್ಯೂಸ್ ಆಗಾಗ ಸುಟ್ಟುಹೋಗುತ್ತಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಸೋತ ಹಾಗೆ ತಿರುಗುತ್ತಿತ್ತು. ಮಳೆಯಲ್ಲಿ ಹಿಂದೆ ಬರುವವನಿಗೆ ನಮ್ಮ ಬ್ರೇಕ್ ಲೈಟು ಕಾಣದಿದ್ದರೆ ಏನಾಗುತ್ತದೆ ಎಂದು ಯಾರಿಗೂ ವಿವರಿಸಬೇಕಿಲ್ಲ. ಹಾಗಾಗಿ ಅದನ್ನೇ ಮೊದಲು ಹಿಡಿದೆ.

ಬ್ರೇಕ್ ಒತ್ತಿದಾಗ ಬೇರೆ ಲೈಟು ಹೊತ್ತುವುದು ಅರ್ಥಿಂಗ್, ಅಂದರೆ ಕರೆಂಟ್ ವಾಪಸು ಹೋಗುವ ದಾರಿ, ಕೆಟ್ಟಿರುವುದರ ಸ್ಪಷ್ಟ ಗುರುತು. ಲಾರಿಯ ಪ್ರತಿ ಬಲ್ಬಿಗೂ ಒಂದು ವೈರಿನಲ್ಲಿ ಕರೆಂಟ್ ಬರುತ್ತದೆ, ವಾಪಸು ಹೋಗುವುದು ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕಬ್ಬಿಣದ ಮೂಲಕ. ಲೈಟಿನ ಡಬ್ಬಿಗೂ ಚಾಸಿಗೂ ನಡುವೆ ತುಕ್ಕು ಬೆಳೆದರೆ ವಾಪಸು ಹೋಗುವ ದಾರಿ ಇಕ್ಕಟ್ಟಾಗುತ್ತದೆ. ಆಗ ಕರೆಂಟ್ ಅದೇ ಡಬ್ಬಿಯಲ್ಲಿರುವ ಇನ್ನೊಂದು ಬಲ್ಬಿನ ತಂತಿಯ ಮೂಲಕ ಹಿಮ್ಮುಖವಾಗಿ ಹರಿದು, ಮತ್ತೊಂದು ಬದಿಯ ಲೈಟಿಗೆ ಹೋಗಿ, ಅಲ್ಲಿಂದ ಚಾಸಿ ಸೇರುತ್ತದೆ. ಇದು ಗೊತ್ತಿಲ್ಲದವರು ಸ್ವಿಚ್ಚನ್ನು, ಇಂಡಿಕೇಟರ್ ಮಿಡಿಸುವ ಫ್ಲ್ಯಾಷರನ್ನು ಬದಲಾಯಿಸಿ ಹಣ ಕಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ, ನೋಡಿ ಬೇಸರವಾಗುತ್ತದೆ.

ಅರ್ಥಿಂಗ್ ಪರೀಕ್ಷೆಗೆ ಹೆಚ್ಚಿನವರು ಮಲ್ಟಿಮೀಟರನ್ನು ಓಮ್ಸ್‌ಗೆ, ಅಂದರೆ ರೋಧ ಅಳೆಯುವ ಜಾಗಕ್ಕೆ, ಇಟ್ಟು ನೋಡುತ್ತಾರೆ. ಅದನ್ನು ನಾನು ನಂಬುವುದಿಲ್ಲ. ನೂರಾರು ಎಳೆ ಇರುವ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಏಕೆಂದರೆ ಮೀಟರ್ ಕಳುಹಿಸುವ ಕರೆಂಟ್ ತೀರ ಸಣ್ಣದು. ನಿಜವಾದ ಪರೀಕ್ಷೆ ಲೋಡ್ ಇದ್ದಾಗ ಮಾಡುವ ವೋಲ್ಟೇಜ್ ಪರೀಕ್ಷೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಅದರ ಒಂದು ಮುಳ್ಳನ್ನು (ವೈರಿನ ತುದಿಯ ಲೋಹದ ಮೊನೆ) ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಹಿಂಬದಿ ಲೈಟಿನ ಡಬ್ಬಿಯ ಮೇಲೆ ಹಿಡಿದು, ಒಬ್ಬರಿಗೆ ಬ್ರೇಕ್ ಒತ್ತಲು ಹೇಳಬೇಕು. ಅರ್ಥಿಂಗ್ ಸರಿ ಇದ್ದರೆ 0.1 ಅಥವಾ 0.2 ವೋಲ್ಟ್ ಬರುತ್ತದೆ. ಅರ್ಧ ವೋಲ್ಟ್ ದಾಟಿದರೆ ಕೈ ಹಾಕಲೇಬೇಕು. ಈ ಗಾಡಿಯಲ್ಲಿ ಮಳೆ ಜೋರಾಗಿ ಬೀಳುತ್ತಿದ್ದಾಗ ಆರು ವೋಲ್ಟ್‌ಗಿಂತ ಹೆಚ್ಚು ಬಂತು. ಅಂದರೆ ಬಲ್ಬಿಗೆ ಸಿಗಬೇಕಾದ ವೋಲ್ಟೇಜಿನ ಕಾಲು ಭಾಗ ಒಂದು ತುಕ್ಕು ಹಿಡಿದ ಬೋಲ್ಟಿನಲ್ಲಿಯೇ ಕಳೆದುಹೋಗುತ್ತಿತ್ತು. ವೋಲ್ಟೇಜ್ ಕಾಲು ಭಾಗ ಇಳಿದರೆ ಬಲ್ಬಿನ ಬೆಳಕು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಇದೇ ಪರೀಕ್ಷೆಯನ್ನು ಮುಂದುವರಿಸಿದೆ. ನೆಗೆಟಿವ್ ಕಂಬದಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ, ಚಾಸಿಯಿಂದ ಕ್ಯಾಬಿನ್‌ಗೆ. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಎಂಜಿನ್ ಕೂಡ ಹಾಗೆಯೇ. ಇವೆರಡಕ್ಕೂ ಹೆಣೆದ ತಾಮ್ರದ ಪಟ್ಟಿಯೊಂದೇ ಅರ್ಥ್. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ನೆಗೆಟಿವ್ ಕಂಬಕ್ಕೂ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ಕಂಡಿತು. ಬಗ್ಗಿ ನೋಡಿದರೆ ಪಟ್ಟಿ ಹಸಿರು ಕಿಲುಬು ಹಿಡಿದು ಅರ್ಧ ಹರಿದಿತ್ತು. ಬೆಳಗಿನ ಸೋಮಾರಿ ಸೆಲ್ಫ್‌ಗೆ ಒಂದು ಕಾರಣ ಅಲ್ಲೇ ಸಿಕ್ಕಿತು.

ಫ್ಯೂಸ್ ಸುಡುವ ದೋಷ ಇದಕ್ಕಿಂತ ಕಷ್ಟದ್ದು. ಪ್ರತಿ ಸಲ ಹೊಸ ಫ್ಯೂಸ್ ಹಾಕಿ ಹುಡುಕುವುದು ವ್ಯರ್ಥ; ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಗಾಡಿಗೆ ಬೆಂಕಿ ಹಚ್ಚುವ ಕೆಲಸ. ನಾನು ಮಾಡುವುದು ಹೀಗೆ. ಸುಟ್ಟ ಫ್ಯೂಸನ್ನು ತೆಗೆದು, ಆ ಜಾಗದ ಎರಡು ತುದಿಗಳಿಗೆ 24 ವೋಲ್ಟ್, 21 ವ್ಯಾಟ್‌ನ ಒಂದು ಬಲ್ಬನ್ನು ವೈರಿನಿಂದ ಜೋಡಿಸುತ್ತೇನೆ. ಆ ಲೈನಿನ ಎಲ್ಲ ಬಲ್ಬುಗಳನ್ನೂ ಹೋಲ್ಡರಿನಿಂದ ತೆಗೆದಿಡುತ್ತೇನೆ. ಲೈನ್ ಚಾಸಿಗೆ ತಾಗಿದ್ದರೆ ನನ್ನ ಬಲ್ಬು ಪೂರ್ತಿ ಬೆಳಗುತ್ತದೆ, ಆದರೆ ಕರೆಂಟ್ ಒಂದು ಆಂಪಿಯರ್ ಒಳಗೇ ನಿಲ್ಲುವುದರಿಂದ ವೈರು ಸುಡುವುದಿಲ್ಲ. ಆಮೇಲೆ ಮುಂದಿನಿಂದ ಹಿಂದಕ್ಕೆ ವೈರಿನ ಕಟ್ಟನ್ನು ಹಿಡಿದು ಅಲ್ಲಾಡಿಸುತ್ತ, ಕ್ಲಿಪ್ಪುಗಳನ್ನು ಬಿಡಿಸುತ್ತ ಹೋಗಬೇಕು. ಎಲ್ಲಿ ಕೈ ಹಾಕಿದಾಗ ಬಲ್ಬು ಆರುತ್ತದೋ ಅಲ್ಲೇ ದೋಷ. ಮಳೆ ನಿಂತಿದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಒಂದೊಂದೇ ಜಾಗಕ್ಕೆ ಚಿಮುಕಿಸುತ್ತೇನೆ. ರಸ್ತೆಯ ಕೆಸರು ನೀರಿನಲ್ಲಿ ಲವಣ ಇರುವುದರಿಂದ ಅದು ಶುದ್ಧ ನೀರಿಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ. ಉಪ್ಪು ಹಾಕುವುದು ಅದನ್ನು ಅನುಕರಿಸಲು. ಪರೀಕ್ಷೆ ಮುಗಿದ ಮೇಲೆ ಆ ಜಾಗಗಳನ್ನು ಸಿಹಿನೀರಿನಿಂದ ತೊಳೆಯುವುದನ್ನು ಮರೆಯಬಾರದು.

ಈ ಗಾಡಿಯಲ್ಲಿ ಬಲ್ಬು ಆರಿದ್ದು ಹಿಂದಿನ ಆಕ್ಸಲ್ ಮೇಲೆ, ವೈರಿನ ಕಟ್ಟು ಚಾಸಿಯ ಅಡ್ಡಪಟ್ಟಿಯ ರಂಧ್ರದ ಮೂಲಕ ಹಾಯುವಲ್ಲಿ. ರಂಧ್ರದ ಅಂಚಿಗೆ ಹಾಕುವ ರಬ್ಬರ್ ಬಳೆ, ಗ್ರಾಮೆಟ್, ಯಾವಾಗಲೋ ಕಳಚಿ ಬಿದ್ದಿತ್ತು. ಕಬ್ಬಿಣದ ಅಂಚು ವೈರಿನ ಹೊದಿಕೆಯನ್ನು ಉಜ್ಜಿ ಉಜ್ಜಿ ತಾಮ್ರ ಕಾಣುವಂತಾಗಿತ್ತು. ಒಣಗಿದಾಗ ಕೂದಲೆಳೆಯಷ್ಟು ಅಂತರ ಇರುತ್ತಿತ್ತು. ಕೆಸರು ತುಂಬಿದಾಗ ವೈರು ಅಂಚಿಗೆ ಒತ್ತಿಕೊಂಡು ಕೂರುತ್ತಿತ್ತು.

ಮಳೆಯಲ್ಲಿ ಕೆಲಸ ಮಾಡುವಾಗ 24 ವೋಲ್ಟ್ ಶಾಕ್ ಹೊಡೆಯುತ್ತದೆಂಬ ಭಯ ಬೇಡ. ಭಯ ಇರಬೇಕಾದದ್ದು ಸ್ಪ್ಯಾನರ್ ಅಡ್ಡ ಬಿದ್ದಾಗ ಬ್ಯಾಟರಿ ಸುರಿಯುವ ನೂರಾರು ಆಂಪಿಯರ್‌ಗೆ. ಉಂಗುರ, ಗಡಿಯಾರ ತೆಗೆದಿಡುತ್ತೇನೆ. ಚಕ್ರಕ್ಕೆ ಅಡ್ಡಕಲ್ಲು ಕೊಡುತ್ತೇನೆ, ಒದ್ದೆ ನೆಲದಲ್ಲಿ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದಿಲ್ಲ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಪರೀಕ್ಷೆಗಾಗಿ ವೈರಿನ ಹೊದಿಕೆಗೆ ಸೂಜಿ ಚುಚ್ಚುವ ಅಭ್ಯಾಸವನ್ನೂ ಬಿಡಬೇಕು. ಆ ಸಣ್ಣ ರಂಧ್ರವೇ ಮುಂದಿನ ಮಳೆಗೆ ಬಾಗಿಲು. ವೈರುಗಳು ಕೂಡುವ ಪ್ಲಗ್ಗಿನ, ಅಂದರೆ ಕಪ್ಲರಿನ, ಹಿಂಬದಿಯಿಂದ ಮುಳ್ಳನ್ನು ಟರ್ಮಿನಲ್‌ಗೆ ತಾಗಿಸಿದರೆ ಸಾಕು.

ದುರಸ್ತಿಗೆ ಮಾತ್ರ ಗಾಡಿಯನ್ನು ಸೂರಿನಡಿಗೆ ತಂದೆ. ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿ, ಹೊಸ ಲಗ್ (ವೈರಿನ ತುದಿಗೆ ಒತ್ತುವ ಲೋಹದ ತುಂಡು) ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದೆ. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿದೆ. ಹಿಂಬದಿ ಲೈಟುಗಳಿಗೆ ಡಬ್ಬಿಯ ಸ್ಕ್ರೂಗಳನ್ನು ನಂಬದೆ ಪ್ರತ್ಯೇಕ ಅರ್ಥ್ ವೈರನ್ನೇ ಚಾಸಿಯವರೆಗೆ ಎಳೆದೆ. ಹಳೆಯ ಗಾಡಿಗೆ ಇದಕ್ಕಿಂತ ಒಳ್ಳೆಯ ಉಪಕಾರ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತುಂಡರಿಸಿದ ವೈರುಗಳಲ್ಲಿ ಕಂಡದ್ದನ್ನು ಹೇಳಲೇಬೇಕು. ಎಳೆಗಳಿರುವ ತಾಮ್ರದ ವೈರು, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ನೀರನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತದೆ. ತುದಿಯಲ್ಲಿ ಸಿಪ್ಪೆ ಸುಲಿದರೆ ತಾಮ್ರ ಕಪ್ಪಾಗಿ ಪುಡಿಪುಡಿಯಾಗುತ್ತಿತ್ತು. ಗೇಣುದ್ದ ಕತ್ತರಿಸಿದೆ, ಮತ್ತೂ ಕಪ್ಪು. ಇನ್ನೊಂದು ಗೇಣು ಹೋದ ಮೇಲೆ ಕೆಂಪು ತಾಮ್ರ ಕಂಡಿತು. ಕಪ್ಪಾದ ತಾಮ್ರಕ್ಕೆ ಹೊಸ ಲಗ್ ಒತ್ತಿದರೆ ಆ ಜೋಡಣೆ ಬಾಳುವುದಿಲ್ಲ. ಸದಾ ಕರೆಂಟ್ ಇರುವ ವೈರುಗಳಲ್ಲಿ, ಅಂದರೆ ಕೀ ತೆಗೆದರೂ ಬ್ಯಾಟರಿಗೆ ನೇರ ಅಂಟಿರುವ ವೈರುಗಳಲ್ಲಿ, ಈ ಹಾನಿ ಇನ್ನೂ ಹೆಚ್ಚು. ಒದ್ದೆ ಕಪ್ಲರಿನಲ್ಲಿ ಪಾಸಿಟಿವ್ ಟರ್ಮಿನಲ್‌ನಿಂದ ಪಕ್ಕದ ಅರ್ಥ್‌ಗೆ ಸಣ್ಣ ಕರೆಂಟ್ ಸೋರುತ್ತಲೇ ಇರುತ್ತದೆ. ವಿದ್ಯುದ್ವಿಭಜನೆಯಿಂದ ಪಾಸಿಟಿವ್ ಕಡೆಯ ಲೋಹ ಕರಗಿ ಹೋಗುತ್ತದೆ. ಗಾಡಿ ನಿಂತಿದ್ದಾಗಲೂ ಇದು ನಡೆಯುತ್ತದೆ. ಒಂದು ಕಪ್ಲರ್ ಬಿಚ್ಚಿದಾಗ ಪಾಸಿಟಿವ್ ಪಿನ್ನಿನ ಜಾಗದಲ್ಲಿ ಹಸಿರು ಪುಡಿ ಮಾತ್ರ ಇತ್ತು.

ಜೋಡಣೆಗೆ ನಾನು ಬೆಸುಗೆಗಿಂತ ಒತ್ತುವ ಲಗ್‌ಗಳನ್ನೇ ಇಷ್ಟಪಡುತ್ತೇನೆ. ಬೆಸುಗೆ ಹಾಕಿದ ಜಾಗದಲ್ಲಿ ವೈರು ಬಿರುಸಾಗಿ, ಲಾರಿಯ ಅದುರಾಟಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲಿ ಮುರಿಯುತ್ತದೆ. ಸರಿಯಾದ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯನ್ನು ಬಿಸಿ ಮಾಡಿ ಕೂರಿಸುತ್ತೇನೆ. ಅಂಟು ಎರಡೂ ತುದಿಯಿಂದ ಸ್ವಲ್ಪ ಹೊರಬಂದರೆ ನೀರಿಗೆ ದಾರಿ ಮುಚ್ಚಿದಂತೆ. ವೈರು ಹೆಣೆದು ಟೇಪು ಸುತ್ತುವ ಕೆಲಸ ಮಳೆಗಾಲಕ್ಕೆ ತಕ್ಕದ್ದಲ್ಲ. ಟೇಪಿನ ಅಂಟು ಸಡಿಲಗೊಂಡು ನೀರನ್ನು ಒಳಗೇ ಹಿಡಿದಿಡುತ್ತದೆ. ಸಿಲಿಕೋನ್ ಬಳಸುವವರು ವಾಸನೆ ನೋಡಿ ಕೊಳ್ಳಲಿ: ವಿನೆಗರ್ ವಾಸನೆ ಬರುವ ಬಗೆಯದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಕಪ್ಲರುಗಳೊಳಗೆ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ, ಆದರೆ ಪಿನ್ನುಗಳನ್ನು ಸ್ವಚ್ಛ ಮಾಡಿದ ಮೇಲೆ ಮಾತ್ರ. ಆ ಗ್ರೀಸ್ ಕರೆಂಟ್ ಹರಿಸುವುದಿಲ್ಲ, ನೀರನ್ನು ತಡೆಯುತ್ತದೆ ಅಷ್ಟೇ. ಕಿಲುಬಿನ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ.

ವೈರು ಎಳೆಯುವ ರೀತಿಯಲ್ಲಿಯೇ ಅರ್ಧ ರಕ್ಷಣೆ ಇದೆ. ಕಪ್ಲರಿಗೆ ವೈರು ಮೇಲಿನಿಂದ ನೇರವಾಗಿ ಇಳಿದರೆ ನೀರು ಅದರ ಗುಂಟ ಒಳಗೆ ಹರಿಯುತ್ತದೆ. ಮೊದಲು ಕೆಳಗೆ ಬಾಗಿಸಿ, ಆಮೇಲೆ ಮೇಲಕ್ಕೆ ತಂದು ಜೋಡಿಸಿದರೆ ಹನಿ ಬಾಗಿನಲ್ಲಿಯೇ ಉದುರುತ್ತದೆ. ಸುಕ್ಕಿನ ಪ್ಲಾಸ್ಟಿಕ್ ಕೊಳವೆಯ ಸೀಳು ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಕೊಳವೆಯೇ ನೀರಿನ ತೊಟ್ಟಿಯಾಗುತ್ತದೆ. ಹೆಡ್‌ಲೈಟಿಗೆ ಹೊಸ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿದಾಗ ಪಿನ್ನುಗಳು ನೆಲದತ್ತ ಇರುವಂತೆ ಕೂರಿಸಿದೆ. ರಿಲೇ ಬೇಕಾದದ್ದು ಏಕೆಂದರೆ ಎರಡು 70 ವ್ಯಾಟ್ ಬಲ್ಬುಗಳ ಸುಮಾರು 6 ಆಂಪಿಯರ್ ಅಷ್ಟೂ ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೂಲಕ ಹರಿದು ಸ್ವಿಚ್ಚು ಬಿಸಿಯಾಗುತ್ತಿತ್ತು. ಈಗ ಸ್ವಿಚ್ಚು ರಿಲೇಯ 86ನೇ ಪಿನ್ನಿಗೆ ಸಣ್ಣ ಕರೆಂಟ್ ಕೊಟ್ಟರೆ ಸಾಕು, 85 ಅರ್ಥ್‌ಗೆ. ದೊಡ್ಡ ಕರೆಂಟ್ ಬ್ಯಾಟರಿ ಕಡೆಯಿಂದ ಫ್ಯೂಸ್ ದಾಟಿ 30ಕ್ಕೆ ಬಂದು 87ರಿಂದ ಲೈಟಿಗೆ ಹೋಗುತ್ತದೆ.

ಕ್ಯಾಬಿನ್ ಒಳಗೂ ನೀರು ಬರುತ್ತಿತ್ತು. ಮುಂಗಾಜಿನ ರಬ್ಬರಿನ ಕೆಳಮೂಲೆಯಿಂದ ಇಳಿದು ನೇರವಾಗಿ ಫ್ಯೂಸ್ ಬಾಕ್ಸಿನ ಮೇಲೆ. ಫ್ಯೂಸುಗಳ ತುದಿ ಬಿಳಿಚಿ ಹೋಗಿದ್ದವು, ಹಿಡಿತದ ಕ್ಲಿಪ್ಪುಗಳು ಸಡಿಲ. ಎಲ್ಲವನ್ನೂ ಉಜ್ಜಿ ಹೊಸ ಫ್ಯೂಸ್ ಹಾಕಿ, ರಬ್ಬರನ್ನು ಬದಲಾಯಿಸಿದೆ.

ಇನ್ನು ಬ್ಯಾಟರಿ. ಹಿಂದೆ ಯಾರೋ ಟೇಪ್ ರೆಕಾರ್ಡರ್‌ಗಾಗಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದಿದ್ದರು. ಹೀಗೆ ಮಾಡಿದರೆ ಆ ಬ್ಯಾಟರಿಗೆ ಚಾರ್ಜ್ ಸಾಲುವುದಿಲ್ಲ, ಇನ್ನೊಂದಕ್ಕೆ ಅತಿಯಾಗುತ್ತದೆ. ಗಾಡಿ ರಾತ್ರಿ ನಿಂತ ಮೇಲೆ ಅಳೆದರೆ ಒಂದು 12.7 ವೋಲ್ಟ್, ಇನ್ನೊಂದು 12.1. ಆ ವೈರನ್ನು ಕಿತ್ತು, ಎರಡನ್ನೂ ಬೇರೆಬೇರೆಯಾಗಿ ಚಾರ್ಜ್ ಮಾಡಿಸಿದೆ. ಬ್ಯಾಟರಿಯ ಮೇಲ್ಭಾಗದ ಕೊಳೆ ಒದ್ದೆಯಾದರೆ ಅದರ ಮೂಲಕವೂ ಕರೆಂಟ್ ಸೋರುತ್ತದೆ. ಒಂದು ಮುಳ್ಳು ಕಂಬದ ಮೇಲೆ, ಇನ್ನೊಂದು ಪ್ಲಾಸ್ಟಿಕ್ ಮೈಮೇಲೆ ಇಟ್ಟರೆ ಮೀಟರ್ ವೋಲ್ಟ್ ತೋರಿಸುವುದನ್ನು ನೋಡಬಹುದು. ಮುಚ್ಚಳಗಳನ್ನು ಬಿಗಿದು, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒರೆಸಿ, ಒಣಗಿಸಿ, ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆಲ್ಟ್ ಸವೆದು ಪುಲ್ಲಿಯ ತೋಡಿನ ತಳಕ್ಕೆ ಕೂತಿತ್ತು. ವಿ ಬೆಲ್ಟ್ ಹಿಡಿಯಬೇಕಾದದ್ದು ಎರಡು ಪಕ್ಕಗಳಿಂದ. ತಳ ಮುಟ್ಟಿದ ಬೆಲ್ಟ್ ಒಣಗಿದಾಗ ಹೇಗೋ ನಡೆಯುತ್ತದೆ, ನೀರು ಚಿಮ್ಮಿದಾಗ ಜಾರುತ್ತದೆ. ಮಳೆಯಲ್ಲಿಯೇ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವೂ ಒಟ್ಟಿಗೆ ಬೇಕಾಗುವುದರಿಂದ ಹೊಡೆತ ದುಪ್ಪಟ್ಟು. ಹೊಸ ಬೆಲ್ಟ್ ಹಾಕಿದ ಮೇಲೆ ಮುಂದಿನ ಮಳೆಯಲ್ಲಿ ಎಲ್ಲವನ್ನೂ ಹಾಕಿ ಎಂಜಿನ್ ವೇಗ ಏರಿಸಿ ನೋಡಿದೆ: ಬ್ಯಾಟರಿ ಕಂಬಗಳ ನಡುವೆ 27.8 ವೋಲ್ಟ್, ಹಿಂಬದಿ ಲೈಟಿನ ಅರ್ಥ್‌ನಲ್ಲಿ 0.1. ಬಲಗಡೆಯ ವೈಪರ್ ಮಾತ್ರ ಇನ್ನೂ ನಿಧಾನ. ಅದರ ಮೋಟರಿಗೆ ಪೂರ್ತಿ ವೋಲ್ಟೇಜ್ ಬರುತ್ತಿದೆ, ಅರ್ಥ್ ಸರಿಯಿದೆ. ಉಳಿದಿರುವುದು ಗೇರಿನಲ್ಲಿ ಗಟ್ಟಿಯಾದ ಗ್ರೀಸ್ ಅಥವಾ ತೋಳಿನ ಬುಷ್. ಮೋಟರನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದೇನೆ.