ಮೀಸಲು ಹುಲ್ಲುಗಾವಲಿನಲ್ಲಿ ಮಿಡತೆ, ಚಿಮ್ಮಂಡೆಗಳನ್ನು ಉಳಿಸಿಕೊಳ್ಳುವ ಬಗೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿಯಿರುವ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದ ವಿಸ್ತಾರ 798 ಎಕರೆ. ಅಲ್ಲಿಗೆ ಹೋದವರ ಕಣ್ಣು ಜಿಂಕೆಗಳನ್ನು ಅರಸುತ್ತದೆ. ಆದರೆ ಬಯಲುಸೀಮೆಗೆ ಚಳಿಗಾಲದಲ್ಲಿ ವಲಸೆ ಬರುವ ಸೆಳೆವಗಳಿಗೂ (ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು) ಇಲ್ಲಿಯೇ ನೆಲೆಸಿರುವ ನೀಲಕಂಠಗಳಿಗೂ ಮಿಡತೆ ಮುಖ್ಯ ಆಹಾರವಾದ್ದರಿಂದ, ಇಂಥ ಬಯಲುಗಳನ್ನು ನೋಡಿಕೊಳ್ಳುವವರು ಹುಲ್ಲಿನ ಬುಡವನ್ನೂ ಗಮನಿಸಬೇಕು.

ಮೊದಲು ಮಣ್ಣನ್ನು ಕದಡದೆ ಬಿಡಬೇಕು. ಹಲವು ಜಾತಿಯ ಮಿಡತೆಗಳು ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆಯ ತುದಿಯನ್ನು ನೆಲದೊಳಗೆ ಇಳಿಸಿ, ನೊರೆಯ ಹೊದಿಕೆಯಲ್ಲಿ ಗೊಂಚಲಾಗಿ ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳು ಬೇಸಿಗೆಯನ್ನು ಮಣ್ಣಿನಲ್ಲೇ ಕಳೆದು, ಮುಂಗಾರಿನ ತೇವ ತಾಗಿದ ಮೇಲೆ ಮರಿಯಾಗುತ್ತವೆ. ಆದ್ದರಿಂದ ಹುಲ್ಲಿನ ನಡುವೆ ಬಿಸಿಲು ಬೀಳುವ ಬರಿನೆಲದ ತುಣುಕುಗಳನ್ನು ಕೊರತೆಯೆಂದು ಬಗೆದು ತುಂಬಿಸಬಾರದು. ಅಲ್ಲಿ ಗುಂಡಿ ತೋಡಿ ಗಿಡ ನೆಡುವುದಂತೂ ಸಲ್ಲದು. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಟ್ಟದ್ದು ಒಳ್ಳೆಯ ಉದ್ದೇಶದಿಂದಲೇ ಇರಬಹುದು. ಆದರೂ ನೆರಳು ಕವಿದ ನೆಲ ಬಯಲಿನ ಮಿಡತೆಗೆ ಒಗ್ಗುವುದಿಲ್ಲ. ಬಳ್ಳಾರಿ ಜಾಲಿ ಹರಡುತ್ತಿದ್ದರೆ ಸಸಿಯಾಗಿರುವಾಗಲೇ ಬೇರುಸಹಿತ ಕೀಳಬೇಕು. ಎಕ್ಕದ ಗಿಡಗಳನ್ನು ಮಾತ್ರ ಬಿಡಿ, ಹಳದಿ–ನೀಲಿ ಪಟ್ಟೆಯ ಎಕ್ಕದ ಮಿಡತೆಗೆ ಅವೇ ಆಸರೆ.

ಹುಲ್ಲು ಕೊಯ್ಯುವಾಗಲೂ ಮೇಯಿಸುವಾಗಲೂ ಇಡೀ ಬಯಲನ್ನು ಒಂದೇ ಸಲಕ್ಕೆ ಬೋಳು ಮಾಡಬಾರದು. ಕೆಲವು ಮಿಡತೆಗಳಿಗೆ ಗಿಡ್ಡ ಹುಲ್ಲು ಬೇಕು. ಚಿಮ್ಮಂಡೆಗಳು (ಕ್ರಿಕೆಟ್ ಹುಳುಗಳು) ದಟ್ಟ ಬುಡದಲ್ಲೂ ಬಿರುಕುಗಳಲ್ಲೂ ಅಡಗುತ್ತವೆ. ಉದ್ದ ಮೀಸೆಯ ಎಲೆಮಿಡತೆಗಳಲ್ಲಿ ಕೆಲವು ಗಿಡದ ಕಾಂಡದೊಳಗೇ ಮೊಟ್ಟೆ ಇಡುವುದರಿಂದ, ಒಣಗಿದ ದಂಟುಗಳನ್ನೆಲ್ಲ ಕತ್ತರಿಸಿದರೆ ಅಥವಾ ಸುಟ್ಟರೆ ಮುಂದಿನ ಪೀಳಿಗೆಯೇ ಹೋಗುತ್ತದೆ. ಬಯಲನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ, ಒಂದು ಗೇಣು ಬುಡ ಉಳಿಸಿ ಕೊಯ್ಯುವುದು ಸುರಕ್ಷಿತ ಕ್ರಮ. ಕಾಳ್ಗಿಚ್ಚು ಹರಡದಂತೆ ಹುಲ್ಲು ತೆಗೆದು ಮಾಡುವ ಬೆಂಕಿ ರೇಖೆ ಅನಿವಾರ್ಯ, ಅದು ಅಂಚಿನಲ್ಲೇ ಇರಲಿ. ನೆರೆಹೊಲಗಳ ರೈತರೊಡನೆ ಮಾತನಾಡಿ, ಗಾಳಿ ಮೀಸಲಿನ ಕಡೆ ಬೀಸುವಾಗ ಕೀಟನಾಶಕ ಸಿಂಪಡಿಸದಂತೆ ಕೇಳಿಕೊಳ್ಳಬೇಕು.

ಫಲ ತಿಳಿಯಲು ಎಣಿಕೆ ಬೇಕು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೆಲ ಬೆಚ್ಚಗಾದ ಮೇಲೆ, 50 ಮೀಟರ್ ಹಗ್ಗದ ಉದ್ದಕ್ಕೂ ನಿಧಾನವಾಗಿ ನಡೆಯುತ್ತ, ಎರಡೂ ಬದಿಯ ಒಂದೊಂದು ಮೀಟರಿನಲ್ಲಿ ಜಿಗಿದವನ್ನು ಎಣಿಸಿ, ಹುಲ್ಲಿನ ಎತ್ತರವನ್ನೂ ಬರೆದಿಡಿ. ಚಿಮ್ಮಂಡೆಗಳನ್ನು ಕಿವಿಯಿಂದಲೇ ಗುರುತಿಸಬೇಕು: ಗಂಡು ರೆಕ್ಕೆಗೆ ರೆಕ್ಕೆ ಉಜ್ಜಿ ಹೊರಡಿಸುವ ದನಿ ಜಾತಿಯಿಂದ ಜಾತಿಗೆ ಬೇರೆ. ಕತ್ತಲಾದ ಮೇಲೆ ಗೊತ್ತುಪಡಿಸಿದ ಜಾಗಗಳಲ್ಲಿ ದೀಪವಾರಿಸಿ, ಐದೈದು ನಿಮಿಷ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ರಾತ್ರಿ ಒಳಗೆ ಹೋಗಲೂ ಕೀಟ ಹಿಡಿಯಲೂ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.